ಒಂದು ವರ್ಷದ ಮನೆಮಗ

ಮಕ್ಕಳನ್ನು ಓದಿಗಾಗಿ ಪರಸ್ಥಳಕ್ಕೆ, ಪರರ ಮನೆಗೆ ಕಳುಹಿಸುವುದು ನಮಗೆ ಹೊಸ ಸಂಗತಿಯೇನೂ ಅಲ್ಲ. ಮೈಸೂರು, ಬೆಂಗಳೂರುಗಳಂಥ ವಿದ್ಯಾಕೇಂದ್ರಗಳಲ್ಲಿ ಹಿಂದಿನ ತಲೆಮಾರಿನ ಎಷ್ಟೋ ಬಡ ಹುಡುಗರು ವಾರಾನ್ನದ ಬಲದಿಂದಲೇ ಓದಿ ಮುಂದೆ ಬಂದರು. ಸೋಮವಾರ ವಕೀಲರ ಮನೆ, ಮಂಗಳವಾರ ಅಮಲ್ದಾರರ ಮನೆ, ಬುಧವಾರ ಶಾಲೆಯ ಮೇಷ್ಟರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳು. ಏಳು ಮನೆ ದೊರೆಯದ ಹುಡುಗನಿಗೆ ಪಂಚಾಂಗದಲ್ಲಿಲ್ಲದ ಏಕಾದಶಿ ವಾರಕ್ಕೊಂದೆರಡು ಬರುತ್ತಿತ್ತು. ಉಂಡವನು ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ಹಾಕುತ್ತಿದ್ದ, ಅಂಗಡಿಗೆ ಓಡಿ ಬೆಲ್ಲ ತರುತ್ತಿದ್ದ, ಆ ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದ. ಅದರಲ್ಲಿ ಔದಾರ್ಯವಿತ್ತು, ಜಾತಿಯ ಬೇಲಿಯೂ ಇತ್ತು. ಯಾವ ಮನೆಯ ಬಾಗಿಲು ಯಾರಿಗೆ ತೆರೆಯುತ್ತದೆ ಎಂಬುದು ಹುಡುಗನ ಬುದ್ಧಿಗಿಂತ ಹೆಚ್ಚಾಗಿ ಅವನ ಕುಲವನ್ನು ನೋಡಿ ನಿರ್ಧಾರವಾಗುತ್ತಿತ್ತು.

ಈ ವಾರಾನ್ನದ ಹುಡುಗ ಏಳು ಮನೆಗಳ ಬದಲು ಒಂದೇ ಮನೆಯಲ್ಲಿ, ಒಂದು ವಾರದ ಬದಲು ಒಂದು ವರ್ಷ, ಅದೂ ಏಳು ಸಮುದ್ರದಾಚೆ ಇದ್ದರೆ ಹೇಗಿರುತ್ತದೆ? ಶಾಲೆಯ ಒಂದು ಪೂರ್ಣ ವರ್ಷವನ್ನು ಪರದೇಶದಲ್ಲಿ ಕಳೆಯುವ ವಿನಿಮಯ ವಿದ್ಯಾರ್ಥಿಗಳ ವಿಷಯವನ್ನು ಈ ವಾರ ವಾಚಕರ ಮುಂದಿಡಬೇಕೆಂದಿದ್ದೇನೆ. ಹುಡುಗರಷ್ಟೇ ಹುಡುಗಿಯರೂ ಹೋಗಿಬರುತ್ತಾರೆ. ಬರವಣಿಗೆಯ ಅನುಕೂಲಕ್ಕಾಗಿ ‘ಹುಡುಗ’ ಎಂದು ಬರೆದರೆ ಸೋದರಿಯರು ಕೋಪಿಸಿಕೊಳ್ಳಬಾರದು.

ಈ ಏರ್ಪಾಟಿನ ಮೂಲ ಇರುವುದು ಪಾಠಶಾಲೆಯಲ್ಲಲ್ಲ, ರಣರಂಗದಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯುವ ಮುನ್ನ, ಕೆಲವು ಅಮೆರಿಕನ್ ತರುಣರು ತಾವಾಗಿ ಫ್ರಾನ್ಸಿಗೆ ಹೋಗಿ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ಗಾಡಿಗಳನ್ನು ನಡೆಸಿದರು. ಎ. ಪಿಯಟ್ ಆಂಡ್ರೂ ಎಂಬಾತ, ಹಾರ್ವರ್ಡಿನಲ್ಲಿ ಅರ್ಥಶಾಸ್ತ್ರದ ಪಾಠ ಹೇಳಿದ್ದವರು, 1915ರಲ್ಲಿ ಫ್ರೆಂಚ್ ಸೇನೆಯವರೊಡನೆ ಮಾತನಾಡಿ ಈ ಗಾಡಿಗಳು ಯುದ್ಧದ ಮುಂಚೂಣಿಯವರೆಗೂ ಹೋಗಲು ಅನುಮತಿ ಪಡೆದರು. ಅರ್ಥಶಾಸ್ತ್ರದ ಅಧ್ಯಾಪಕರಿಂದಲೂ ಇಂಥ ಕೆಲಸ ಆದೀತೆಂದು ನಂಬುವುದು ಕನ್ನಡದ ಅಧ್ಯಾಪಕನಾದ ನನಗೆ ಸ್ವಲ್ಪ ಕಷ್ಟ. ಆದರೂ ಇದು ನಡೆದ ಮಾತು. ಫೋರ್ಡ್ ಕಂಪೆನಿಯ ‘ಮಾಡೆಲ್ ಟಿ’ ಎಂಬ ಹಗುರ ಗಾಡಿಗಳು ಗುಡ್ಡಗಾಡಿನ ಕೆಸರು ಹಾದಿಯಲ್ಲೂ ಹತ್ತಿಳಿದವು. ಆ ಸಂಸ್ಥೆಗೆ ‘ಅಮೆರಿಕನ್ ಫೀಲ್ಡ್ ಸರ್ವಿಸ್’ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದಲ್ಲಿ ಅದು ಮತ್ತೆ ಎದ್ದು ನಿಂತಿತು. ಅದರ ಚಾಲಕರು ಆಫ್ರಿಕದ ಮರುಭೂಮಿಯಲ್ಲಿ ಮಾತ್ರವಲ್ಲ, ನಮ್ಮ ಭಾರತ-ಬರ್ಮಾ ಗಡಿಯ ಕಾಳಗದಲ್ಲೂ ಗಾಯಾಳುಗಳನ್ನು ಹೊತ್ತರು.

ಯುದ್ಧ ಮುಗಿಯಿತು, ಗಾಡಿಗಳಿಗೆ ಕೆಲಸವಿಲ್ಲವಾಯಿತು. 1946ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಈ ಮಾಜಿ ಚಾಲಕರು, ಮೊದಲ ಯುದ್ಧದಲ್ಲಿ ತಾನೂ ಗಾಡಿ ನಡೆಸಿದ್ದ ಸ್ಟೀಫನ್ ಗಲಾಟಿ ಎಂಬ ಹಿರಿಯರ ನೇತೃತ್ವದಲ್ಲಿ ಒಂದು ಹೊಸ ಯೋಚನೆ ಮಾಡಿದರು. (ಗಲಾಟಿ ಎಂಬ ಹೆಸರನ್ನು ಕೇಳಿ ಕನ್ನಡಿಗರು ನಗಬಾರದು, ಮನುಷ್ಯ ಬಹಳ ಶಾಂತ ಕಾರ್ಯವನ್ನೇ ಮಾಡಿದವರು.) ಎರಡು ಯುದ್ಧಗಳಲ್ಲಿ ಬಿದ್ದವರನ್ನು ಎತ್ತಿ ಸಾಗಿಸಿದ ಮೇಲೆ ಅವರಿಗೆ ಹೊಳೆದದ್ದು ಇದು: ದೊಡ್ಡವರ ಮನಸ್ಸು ತಿರುಗಿಸುವುದು ಕಷ್ಟ, ಹದಿನಾರು ಹದಿನೇಳರ ಮಕ್ಕಳನ್ನು ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಮಲಗುವಂತೆ ಮಾಡಿದರೆ ಏನಾದರೂ ಆದೀತು. 1947ರಲ್ಲಿ 10 ದೇಶಗಳಿಂದ 52 ಮಂದಿ ವಿದ್ಯಾರ್ಥಿಗಳು ಅಮೆರಿಕಕ್ಕೆ ಬಂದಿಳಿದರು. ಆಮೇಲಿನ ವರ್ಷಗಳಲ್ಲಿ ಹಡಗು ಹಡಗುಗಳೇ ತುಂಬಿ ಬಂದವು. ವರ್ಷದ ಕೊನೆಗೆ ಅವರನ್ನೆಲ್ಲ ಬಸ್ಸುಗಳಲ್ಲಿ ಕೂರಿಸಿ, ಊರೂರಿನ ಮನೆಗಳಲ್ಲಿ ತಂಗಿಸುತ್ತ, ದೇಶ ತೋರಿಸಿ ಬೀಳ್ಕೊಡುವ ಪದ್ಧತಿಯಿತ್ತು. 1962ರ ಜುಲೈನಲ್ಲಿ ಅಧ್ಯಕ್ಷ ಕೆನೆಡಿ ಶ್ವೇತಭವನದ ಹುಲ್ಲುಹಾಸಿನ ಮೇಲೆ ಈ ಮಕ್ಕಳನ್ನು ಕರೆಸಿ ಮಾತನಾಡಿದರು.

1951ರಲ್ಲಿ ನಡೆದ ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಯುದ್ಧ ಮುಗಿದು ಆರೇ ವರ್ಷ. ರೇಚಲ್ ಆಂಡ್ರೆಸನ್ ಎಂಬ ಮಹಿಳೆಯ ಪ್ರಯತ್ನದಿಂದ 75 ಮಂದಿ ಜರ್ಮನ್ ಹುಡುಗ ಹುಡುಗಿಯರು ಮಿಚಿಗನ್ ರಾಜ್ಯದ ಮನೆಗಳಿಗೆ ಬಂದರು. ನಿನ್ನೆ ಮೊನ್ನೆಯವರೆಗೆ ಶತ್ರುವಾಗಿದ್ದವನ ಮಗನಿಗೆ ಹಾಸಿಗೆ ಹಾಸಿಕೊಟ್ಟು, ಬೆಳಿಗ್ಗೆ ಎಬ್ಬಿಸಿ ಹಾಲು ಕೊಟ್ಟು ಶಾಲೆಗೆ ಕಳುಹಿಸಬೇಕು. ಶಾಂತಿಯ ಮೇಲೆ ಭಾಷಣ ಮಾಡುವವರು ಹಲವರಿರುತ್ತಾರೆ. ಆ ಗೃಹಿಣಿಯರು ಭಾಷಣ ಮಾಡಲಿಲ್ಲ, ಹಾಲು ಕಾಯಿಸಿದರು. ಆಮೇಲೆ ಸರಕಾರಗಳೂ ಈ ಹಾದಿ ಹಿಡಿದವು. 1983ರಲ್ಲಿ ಅಮೆರಿಕ ಮತ್ತು ಜರ್ಮನಿಯ ಶಾಸನಸಭೆಗಳು ಸೇರಿ ಒಂದು ವಿದ್ಯಾರ್ಥಿ ವಿನಿಮಯವನ್ನು ಆರಂಭಿಸಿದವು. ಸೋವಿಯತ್ ಒಕ್ಕೂಟ ಒಡೆದ ಮೇಲೆ 1993ರಿಂದ ಆ ನಾಡುಗಳ ಮಕ್ಕಳು ಬಂದರು. 2001ರ ಸೆಪ್ಟೆಂಬರಿನ ಘಾತುಕ ಕೃತ್ಯದ ತರುವಾಯ, ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ಮಕ್ಕಳಿಗಾಗಿ ಒಂದು ವಿದ್ಯಾರ್ಥಿವೇತನವನ್ನು ಏರ್ಪಡಿಸಿದರು. ಅದರ ಮೂಲಕ ಭಾರತದ ಮಕ್ಕಳೂ ಹೋಗಿಬಂದಿದ್ದಾರೆ. ಪ್ರತಿಯೊಂದು ವೈರದ ಬೆನ್ನಿಗೂ ಒಂದು ವಿನಿಮಯ ಹುಟ್ಟಿರುವುದನ್ನು ವಾಚಕರು ಗಮನಿಸಬಹುದು. ವೈರಕ್ಕೆ ಮೊದಲೇ ಏಕೆ ಹುಟ್ಟುವುದಿಲ್ಲ ಎಂದು ಕೇಳಿದರೆ ರಾಜಕಾರಣಿಗಳನ್ನೇ ಕೇಳಬೇಕು.

ಇನ್ನು ನಿಯಮಗಳ ಮಾತು. ಅಮೆರಿಕದ ವಿನಿಮಯ ವೀಸಾದಲ್ಲಿ ಹೋಗುವ ಶಾಲಾ ವಿದ್ಯಾರ್ಥಿಯ ವಯಸ್ಸು 15ಕ್ಕೆ ಕಡಮೆಯಾಗಬಾರದು, ಹದಿನೆಂಟೂವರೆ ಮೀರಬಾರದು. ಅವನನ್ನು ಮನೆಯಲ್ಲಿ ಇರಿಸಿಕೊಳ್ಳುವ ಕುಟುಂಬಕ್ಕೆ ಸಂಭಾವನೆಯಾಗಿ ಬಿಡಿಗಾಸೂ ಸಲ್ಲುವುದಿಲ್ಲ. ಆ ಮನೆಯ ವಯಸ್ಕರೆಲ್ಲರ ಪೂರ್ವಾಪರವನ್ನು ವಿಚಾರಿಸಿ, ಮನೆಗೆ ಹೋಗಿ ಕಣ್ಣಾರೆ ನೋಡಿ ಬಂದ ಮೇಲೆಯೇ ಹುಡುಗನನ್ನು ಒಪ್ಪಿಸುತ್ತಾರೆ. ತಿಂಗಳಿಗೊಮ್ಮೆಯಾದರೂ ಸ್ಥಳೀಯ ಪ್ರತಿನಿಧಿ ಅವನನ್ನು ಮಾತನಾಡಿಸಬೇಕು. ನೆಂಟರ ಮನೆಯಲ್ಲಿ ಇರಕೂಡದೆಂಬ ನಿಯಮವೂ ಉಂಟು. ‘ನ್ಯೂಜೆರ್ಸಿಯಲ್ಲಿ ನಮ್ಮ ದೊಡ್ಡಪ್ಪ ಇದ್ದಾರಲ್ಲ, ಅಲ್ಲೇ ಇದ್ದು ಓದಲಿ, ಸಾರು ಅನ್ನಕ್ಕೂ ತೊಂದರೆಯಿಲ್ಲ’ ಎಂದು ಹೊಂಚು ಹಾಕುವ ಬೆಂಗಳೂರಿನ ತಂದೆತಾಯಿಗಳಿಗೆ ಇದೊಂದು ನಿರಾಶೆ. ಆದರೆ ನಿಯಮ ಮಾಡಿದವರು ಜಾಣರು. ದೊಡ್ಡಪ್ಪನ ಮನೆಯಲ್ಲಿದ್ದು ಬಂದ ಹುಡುಗ ವಿಮಾನದಲ್ಲಿ ಕುಳಿತು ಮಲ್ಲೇಶ್ವರದಿಂದ ಮಲ್ಲೇಶ್ವರಕ್ಕೇ ಹೋದಂತೆ.

ಕನ್ನಡದಲ್ಲಿ ಪಶ್ಚಿಮದ ಪ್ರವಾಸಗ್ರಂಥಗಳಿಗೆ ಕೊರತೆಯಿಲ್ಲ. ಕಾರಂತರ ‘ಅಪೂರ್ವ ಪಶ್ಚಿಮ’ ಇದೆ. 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಇದೆ. ಅವೆಲ್ಲ ಮಾಗಿದ ವಯಸ್ಸಿನವರ ನೋಟಗಳು. ಪ್ರಬುದ್ಧನಾದ ಪ್ರವಾಸಿ ಊರನ್ನು ನೋಡುತ್ತಾನೆ, ತನ್ನ ಊರಿನೊಡನೆ ತೂಗುತ್ತಾನೆ, ಬರೆದಿಡುತ್ತಾನೆ. ಹದಿನಾರರ ಹುಡುಗನಿಗೆ ಆ ಅನುಕೂಲವಿಲ್ಲ. ಅವನ ಬಳಿ ತೂಕದ ಕಲ್ಲುಗಳೇ ಇನ್ನೂ ಸಿದ್ಧವಾಗಿರುವುದಿಲ್ಲ. ಅವನು ನೋಡುವುದು ಅಡುಗೆಮನೆಯನ್ನು, ಸ್ನಾನದ ಮನೆಯ ಸರದಿಯನ್ನು, ಆ ಮನೆಯ ತಂದೆ ತಾಯಿ ಜಗಳವಾಡುವ ಬಗೆಯನ್ನು. ಅದನ್ನು ನೋಡಿದವನೇ ಆ ದೇಶವನ್ನು ನೋಡಿದವನೆಂದು ನಾನಂತೂ ಹೇಳುತ್ತೇನೆ.

ಮೊದಲ ಪರೀಕ್ಷೆ ಊಟದ ಮೇಜಿನ ಮೇಲೆಯೇ ನಡೆಯುತ್ತದೆ. ನಮ್ಮಲ್ಲಿ ಬಡಿಸುವವರು ‘ಇನ್ನೊಂದು ಸ್ವಲ್ಪ?’ ಎಂದಾಗ ‘ಬೇಡ’ ಎನ್ನುವುದು ಶಿಷ್ಟಾಚಾರ. ಎರಡನೆಯ ಸಲ ಕೇಳಿದಾಗ ‘ಅಯ್ಯೋ, ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿಯಬೇಕು. ಮೂರನೆಯ ಸಲ ಕೈಯ ಸಂದಿಯಲ್ಲೇ ಅನ್ನ ಬೀಳುತ್ತದೆ, ಆಗ ಉಣ್ಣಬೇಕು. ಈ ಮೂರು ಮೆಟ್ಟಿಲಿನ ಉಪಚಾರದಲ್ಲಿ ಬೆಳೆದ ಹುಡುಗ ಒಹಾಯೋ ರಾಜ್ಯದ ಯಾವುದೋ ಮನೆಯಲ್ಲಿ ಕುಳಿತಿರುತ್ತಾನೆ. ‘ಹಸಿವಾಗಿದೆಯೇ?’ ಎಂದು ಆ ತಾಯಿ ಕೇಳುತ್ತಾಳೆ. ‘ಇಲ್ಲ’ ಎನ್ನುತ್ತಾನೆ. ‘ಸರಿ’ ಎಂದು ಆಕೆ ಪಾತ್ರೆಯನ್ನು ಒಳಗಿಡುತ್ತಾಳೆ. ಆಕೆಯಲ್ಲಿ ಪ್ರೀತಿಯ ಕೊರತೆಯೇನೂ ಇಲ್ಲ. ಹುಡುಗನ ಮಾತನ್ನು ನಂಬಿದ್ದಾಳೆ, ಅಷ್ಟೆ. ತನ್ನ ಮಾತನ್ನು ಒಬ್ಬರು ಹಾಗೆ ಪೂರ್ತಿಯಾಗಿ ನಂಬಿಬಿಡುವುದು ನಮ್ಮ ಹುಡುಗನಿಗೆ ಹೊಸ ಅನುಭವ. ಆ ರಾತ್ರಿ ಹಸಿದು ಮಲಗಿದ ಮೇಲೆ ಅವನು ಕಲಿಯುವ ಪಾಠ ಯಾವ ಪುಸ್ತಕದಲ್ಲೂ ಇಲ್ಲ.

ಎರಡನೆಯದು ಕೃತಜ್ಞತೆಯ ಮಾತು. ನಮ್ಮ ಭಾಷೆಯಲ್ಲಿ ‘ಧನ್ಯವಾದ’ ಎಂಬುದು ಸಭೆಗೆ ಸೇರಿದ ಪದ. ವಂದನಾರ್ಪಣೆಯ ಹೊತ್ತಿಗೆ ಬರುತ್ತದೆ, ಅಷ್ಟರಲ್ಲಿ ಸಭೆ ಎದ್ದು ಹೋಗಿರುತ್ತದೆ. ನೀರು ಕೊಟ್ಟ ಅಮ್ಮನಿಗೆ ಧನ್ಯವಾದ ಹೇಳಿದ ಮಗನನ್ನು ಕನ್ನಡದ ತಾಯಿ ಹಣೆ ಮುಟ್ಟಿ ನೋಡಿ, ಜ್ವರವೇನಾದರೂ ಬಂದಿದೆಯೇ ಎಂದು ವಿಚಾರಿಸಿಯಾಳು. ನಮ್ಮಲ್ಲಿ ಕೃತಜ್ಞತೆ ಕಣ್ಣಲ್ಲಿರುತ್ತದೆ, ಕ್ರಿಯೆಯಲ್ಲಿರುತ್ತದೆ. ಬಾಯಿಗೆ ಬಂದರೆ ದೂರವಾಯಿತೆಂದು ಅರ್ಥ. ಅಲ್ಲಿ ಮಗ ತಾಯಿಗೂ, ಗಂಡ ಹೆಂಡತಿಗೂ ದಿನಕ್ಕೆ ಹತ್ತು ಬಾರಿ ‘ಥ್ಯಾಂಕ್ಸ್’ ಹೇಳುತ್ತಾರೆ. ಹೇಳದ ಹುಡುಗ ಒರಟನೆನಿಸುತ್ತಾನೆ. ಅವನು ಒರಟನಲ್ಲ, ಅವರನ್ನು ತನ್ನವರೆಂದು ಭಾವಿಸಿರುವುದರಿಂದಲೇ ಸುಮ್ಮನಿರುತ್ತಾನೆ. ಇದನ್ನು ಅವರಿಗೆ ಅವನು ಯಾವ ಇಂಗ್ಲಿಷಿನಲ್ಲಿ ವಿವರಿಸಬೇಕು?

ಮೂರನೆಯದು ಮನೆಗೆಲಸ. ಮಧ್ಯಮವರ್ಗದ ನಮ್ಮ ಮನೆಗಳಲ್ಲಿ ಓದುವ ಹುಡುಗ ಎಂದರೆ ಒಂದು ಬಗೆಯ ಚಿಕ್ಕ ಪಾಳೆಯಗಾರ. ಅವನ ತಟ್ಟೆಯನ್ನು ಅವನು ತೊಳೆಯುವುದಿಲ್ಲ. ಅವನ ಹಾಸಿಗೆಯನ್ನು ಅವನು ಮಡಿಸುವುದಿಲ್ಲ. ‘ಪರೀಕ್ಷೆ ಇದೆ ಪಾಪ’ ಎಂಬ ಒಂದು ಮಂತ್ರ ಅವನನ್ನು ಎಲ್ಲ ಕೆಲಸದಿಂದಲೂ ಕಾಪಾಡುತ್ತದೆ. ಆತಿಥೇಯರ ಮನೆಯಲ್ಲಿ ಮೊದಲ ವಾರ ಕಳೆದ ಮೇಲೆ ಗೋಡೆಯ ಮೇಲಿನ ಪಟ್ಟಿಯಲ್ಲಿ ಅವನ ಹೆಸರೂ ಸೇರುತ್ತದೆ. ಮಂಗಳವಾರ ಕಸದ ಡಬ್ಬ ಹೊರಗಿಡುವುದು, ಶನಿವಾರ ಅಂಗಳದ ಹುಲ್ಲು ಕತ್ತರಿಸುವುದು, ದಿನವೂ ಪಾತ್ರೆ ಒರಸಿಡುವುದು. ಇದನ್ನು ತಿಳಿದ ಇಲ್ಲಿನ ತಾಯಿ ಕಣ್ಣೀರು ಹಾಕುತ್ತಾಳೆ: ‘ನನ್ನ ಮಗನ ಕೈಲಿ ಮುಸುರೆ ತಿಕ್ಕಿಸುತ್ತಿದ್ದಾರೆ!’ ಆಕೆಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಯೋಚಿಸಿ ನೋಡಿದರೆ, ಕಸ ಎತ್ತುವಂತೆ ಯಾರೂ ಅತಿಥಿಗೆ ಹೇಳುವುದಿಲ್ಲ. ಹೇಳುವುದು ಮನೆಯ ಮಗನಿಗೆ. ಕಸದ ಡಬ್ಬದ ಸರದಿ ಬಂದ ದಿನವೇ ಆ ಹುಡುಗ ಆ ಮನೆಯವನಾದನೆಂದು ತಿಳಿಯಬೇಕು.

ಶಾಲೆಯ ಸಂಗತಿ ಇದಕ್ಕಿಂತ ಸುಲಭ, ಒಂದು ವಿಧದಲ್ಲಿ ಇದಕ್ಕಿಂತ ಕಠಿಣ. ಪಾಠದಲ್ಲಿ ನಮ್ಮ ಮಕ್ಕಳು ಹಿಂದೆ ಬೀಳುವುದಿಲ್ಲ. ಗಣಿತದಲ್ಲಂತೂ ಮೊದಲ ತಿಂಗಳಲ್ಲೇ ಹೆಸರು ಪಡೆಯುತ್ತಾರೆ. ಅಲ್ಲಿ ಮೇಷ್ಟರು ಕೊಠಡಿಯಲ್ಲೇ ಇರುತ್ತಾರೆ, ಗಂಟೆ ಬಾರಿಸಿದೊಡನೆ ವಿದ್ಯಾರ್ಥಿಗಳು ಕೊಠಡಿಯಿಂದ ಕೊಠಡಿಗೆ ಓಡುತ್ತಾರೆ. ಒಬ್ಬೊಬ್ಬನ ಪಾಠಪಟ್ಟಿಯೂ ಬೇರೆ. ಬೀಜಗಣಿತದ ಮಗ್ಗುಲಲ್ಲೇ ನಾಟಕ, ವಾದ್ಯವೃಂದ, ಅಡುಗೆ. ಆದ್ದರಿಂದ ನಮ್ಮಲ್ಲಿರುವಂತೆ ‘ನಮ್ಮ ಕ್ಲಾಸು’ ಎಂಬ ಕುಲವೇ ಅಲ್ಲಿಲ್ಲ. ಕಷ್ಟದ ಪ್ರಶ್ನೆ ಬರುವುದು ಮಧ್ಯಾಹ್ನದ ಊಟದ ಶಾಲೆಯಲ್ಲಿ. ಕೈಯಲ್ಲಿ ಊಟದ ತಟ್ಟೆ ಹಿಡಿದು ನಿಂತ ಹುಡುಗ, ಇನ್ನೂರು ಮುಖಗಳ ನಡುವೆ, ಯಾವ ಮೇಜಿಗೆ ಹೋಗಿ ಕೂರಬೇಕು? ಆ ಅರ್ಧ ನಿಮಿಷದಷ್ಟು ಉದ್ದವಾದ ಕಾಲ ಅವನ ಆಯುಸ್ಸಿನಲ್ಲಿ ಮತ್ತೊಂದಿರಲಾರದು.

ಒಂಟಿತನದ ಈ ವಿಷಯವನ್ನು ವಿದ್ವಾಂಸರು ಅಳೆದೂ ನೋಡಿದ್ದಾರೆ. ಸ್ವೆರೆ ಲೂಸ್‌ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞರು ಅಮೆರಿಕಕ್ಕೆ ಹೋಗಿಬಂದ 200 ಮಂದಿ ನಾರ್ವೆಯವರನ್ನು ವಿಚಾರಿಸಿ 1955ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಆರು ತಿಂಗಳೊಳಗೆ ಹಿಂದಿರುಗಿದವರೂ ಹದಿನೆಂಟು ತಿಂಗಳಿಗೂ ಮೇಲ್ಪಟ್ಟು ಇದ್ದವರೂ ಹೊಂದಿಕೊಂಡಿದ್ದರು. ನಡುವಿನ ಅವಧಿಯವರೇ ಹೆಚ್ಚು ತೊಳಲಿದವರು. ಅವರು ನೋಡಿದ್ದು ದೊಡ್ಡವರನ್ನು. ಆದರೂ ಶಾಲೆಯ ಒಂದು ವರ್ಷ ಸರಿಯಾಗಿ ಆ ನಡುವಿನ ಹಳ್ಳದಲ್ಲೇ ಬೀಳುತ್ತದೆಂಬುದನ್ನು ತಂದೆತಾಯಿಗಳು ನೆನಪಿನಲ್ಲಿಡಬೇಕು. ನವೆಂಬರ್ ತಿಂಗಳು, ನಾಲ್ಕೂವರೆಗೇ ಕತ್ತಲೆ, ಹೊರಗೆ ಶೀತ, ಇಲ್ಲಿ ಮನೆಯಲ್ಲಿ ದೀಪಾವಳಿ. ಹಿಂದೆ ಪತ್ರವೊಂದು ಬರಲು ಎರಡು ಮೂರು ವಾರ ಹಿಡಿಯುತ್ತಿತ್ತು. ಮಗ ಅತ್ತು ಬರೆದ ಪತ್ರ ಅಮ್ಮನ ಕೈ ಸೇರುವಷ್ಟರಲ್ಲಿ ಅವನು ಗೆಳೆಯರೊಡನೆ ನಗುತ್ತಿರುತ್ತಿದ್ದ. ಈಗ ಕೈಯಲ್ಲೇ ದೂರವಾಣಿ, ಅದರಲ್ಲೇ ಮುಖದರ್ಶನ. ಅಳು ಬಿಸಿಬಿಸಿಯಾಗಿಯೇ ಬಸವನಗುಡಿಗೆ ತಲಪುತ್ತದೆ, ಅಮ್ಮನೂ ಅಳುತ್ತಾಳೆ, ಅದನ್ನು ನೋಡಿ ಮಗ ಇನ್ನಷ್ಟು ಅಳುತ್ತಾನೆ. ದಿನಕ್ಕೆರಡು ಬಾರಿ ಮಾತನಾಡುವ ಮಗ ಒಂದು ಕಾಲನ್ನು ಇಲ್ಲೇ ಇಟ್ಟಿರುತ್ತಾನೆ. ವಾರಕ್ಕೊಮ್ಮೆ ಸಾಕೆಂಬುದು ನನ್ನ ಅಭಿಪ್ರಾಯ. ತಾಯಂದಿರು ಒಪ್ಪುವುದಿಲ್ಲವೆಂದು ಬಲ್ಲೆ.

ಭಾಷೆಯ ವಿಷಯಕ್ಕೆ ಬರುತ್ತೇನೆ; ಅದು ನನ್ನ ಕಸುಬಿಗೆ ಹತ್ತಿರವಾದದ್ದು. ಪರಭಾಷೆಯನ್ನು ಪುಸ್ತಕದಿಂದ ಕಲಿತವನಿಗೆ ಪದಗಳು ಗೊತ್ತಿರುತ್ತವೆ. ಆ ಪದ ಯಾವ ಬೀದಿಯಲ್ಲಿ ಯಾವ ವೇಷದಲ್ಲಿ ಓಡಾಡುತ್ತದೆಂಬುದು ಗೊತ್ತಿರುವುದಿಲ್ಲ. ಬಹುಮಟ್ಟಿಗೆ ಇದರಿಂದ ನಗೆಪಾಟಲು ಮಾತ್ರ ಆಗುತ್ತದೆ. ಒಮ್ಮೆ ಹಾಗಾಗಲಿಲ್ಲ.

ಜಪಾನಿನ ನಗೋಯ ನಗರದ ಯೋಶಿಹಿರೊ ಹಟ್ಟೋರಿ ಎಂಬ ಹದಿನಾರು ವರ್ಷದ ಹುಡುಗ 1992ರ ಆಗಸ್ಟಿನಲ್ಲಿ, ಮೇಲೆ ಹೇಳಿದ ಅದೇ ಹಳೆಯ ಸಂಸ್ಥೆಯ ಮೂಲಕ, ಲೂಸಿಯಾನ ರಾಜ್ಯದ ಬ್ಯಾಟನ್ ರೂಜ್ ಎಂಬ ಊರಿಗೆ ಬಂದ. ಗೆಳೆಯರು ಅವನನ್ನು ಯೋಶಿ ಎಂದು ಕರೆಯುತ್ತಿದ್ದರು. ನೃತ್ಯವೆಂದರೆ ಅವನಿಗೆ ಪ್ರಾಣ. ಆತಿಥೇಯರ ಮನೆಯಲ್ಲಿ ತಂದೆ ಭೌತಶಾಸ್ತ್ರದ ಪ್ರಾಧ್ಯಾಪಕರು, ತಾಯಿ ವೈದ್ಯೆ. ಅವನ ವಯಸ್ಸಿನವನೇ ಆದ ಒಬ್ಬ ಮಗ. ಅಕ್ಟೋಬರ್ 17ರ ಸಂಜೆ ಹುಡುಗರಿಬ್ಬರೂ ವೇಷ ಹಾಕಿಕೊಂಡು ಹ್ಯಾಲೋವೀನ್ ಹಬ್ಬದ ಸಂತೋಷಕೂಟವೊಂದಕ್ಕೆ ಹೊರಟರು. ಯೋಶಿ ಯಾವುದೋ ಚಲನಚಿತ್ರದ ನರ್ತಕನಂತೆ ಬಿಳಿಯ ಕೋಟು ತೊಟ್ಟಿದ್ದ. ಬೀದಿ ಸರಿಯಾಗಿಯೇ ಇತ್ತು, ಮನೆಯ ಸಂಖ್ಯೆ ತಪ್ಪಿತು. ಬಾಗಿಲು ತೆರೆದ ಗೃಹಿಣಿ ಹೆದರಿ ಗಂಡನನ್ನು ಕೂಗಿ, ಬಂದೂಕು ತರುವಂತೆ ಹೇಳಿದಳು. ಆತ ಪಿಸ್ತೂಲು ಹಿಡಿದು ಬಂದು ‘ಫ್ರೀಜ್’ ಎಂದು ಕೂಗಿದ. ಯೋಶಿ ನಗುಮುಖದಿಂದಲೇ, ತಾವು ಕೂಟಕ್ಕೆ ಬಂದವರೆಂದು ಹೇಳುತ್ತ ಮುಂದೆ ನಡೆದ. ಒಂದೇ ಗುಂಡು.

‘ಫ್ರೀಜ್’ ಎಂಬುದಕ್ಕೆ ನಿಘಂಟಿನಲ್ಲಿ ಮೊದಲ ಅರ್ಥ ಹೆಪ್ಪುಗಟ್ಟುವುದು, ನೀರು ಮಂಜಾಗುವುದು. ‘ಅಲ್ಲಾಡಬೇಡ, ಅಲ್ಲಾಡಿದರೆ ಸುಡುತ್ತೇನೆ’ ಎಂಬ ಅರ್ಥ ಅಮೆರಿಕದ ಬೀದಿಯದು. ಆ ಒಂದು ಪದವನ್ನು ಕುರಿತು ಜಪಾನಿನ ಪತ್ರಿಕೆಗಳಲ್ಲಿ ಎಷ್ಟೋ ದಿನ ಚರ್ಚೆ ನಡೆಯಿತು. ಹುಡುಗನಿಗೆ ಆ ಪದ ತಿಳಿದಿರಲಿಲ್ಲವೋ, ಕೇಳಿಸಲೇ ಇಲ್ಲವೋ, ಎದುರಿಗಿರುವುದು ಹಬ್ಬದ ಆಟಿಕೆಯ ಪಿಸ್ತೂಲೆಂದು ಬಗೆದನೋ, ಹೇಳಬಲ್ಲವನು ಅವನೊಬ್ಬನೇ ಆಗಿದ್ದ. ಆದರೆ ಎಲ್ಲವನ್ನೂ ನಿಘಂಟಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಪರಿಚಿತನೊಬ್ಬ ಬಾಗಿಲು ತಟ್ಟಿದೊಡನೆ ಕೈ ಪಿಸ್ತೂಲಿಗೆ ಹೋಗುವ ಮನೆಯಲ್ಲಿ ಪದ ತಿಳಿದವನೂ ಸುರಕ್ಷಿತನಲ್ಲ. 1993ರ ಮೇ ತಿಂಗಳಲ್ಲಿ ಜ್ಯೂರಿಯವರು ಗುಂಡು ಹಾರಿಸಿದಾತನನ್ನು ನಿರ್ದೋಷಿಯೆಂದು ಬಿಟ್ಟರು. ಮರುವರ್ಷ ಸಿವಿಲ್ ನ್ಯಾಯಾಲಯ ಬೇರೆಯಾಗಿ ಯೋಚಿಸಿ, ಸುಮಾರು ಆರೂವರೆ ಲಕ್ಷ ಡಾಲರು ಪರಿಹಾರ ಕೊಡತಕ್ಕದ್ದೆಂದು ತೀರ್ಪಿತ್ತಿತು.

ಹುಡುಗನ ತಂದೆ ಮಸಾಇಚಿ, ತಾಯಿ ಮಿಎಕೊ. ಅವರು ಆ ದೇಶವನ್ನು ಶಪಿಸಿ ಕುಳಿತಿದ್ದರೆ ಯಾರೂ ಬೆರಳೆತ್ತಿ ತೋರಿಸುತ್ತಿರಲಿಲ್ಲ. ಅವರು ಅಮೆರಿಕದ ಮನೆಗಳಲ್ಲಿ ಬಂದೂಕುಗಳು ಸುಲಭವಾಗಿ ಸಿಗದಂತಾಗಲಿ ಎಂಬ ಮನವಿಗೆ ಜಪಾನಿನಲ್ಲಿ 17 ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಕೂಡಿಸಿದರು. ಅಮೆರಿಕದಲ್ಲಿ ಅದೇ ಕೆಲಸಕ್ಕೆ ನಿಂತವರು ಆ ಆತಿಥೇಯ ದಂಪತಿಗಳು. ತಮ್ಮ ಮನೆಗೆ ಬಂದ ಮಗನನ್ನು ಕಾಪಾಡಲಾಗಲಿಲ್ಲವೆಂಬ ಅವರ ದುಃಖವೂ ಸಾಮಾನ್ಯವಾದದ್ದಲ್ಲ. 1993ರ ನವೆಂಬರಿನಲ್ಲಿ ಹಟ್ಟೋರಿ ದಂಪತಿಗಳು ಅಧ್ಯಕ್ಷ ಕ್ಲಿಂಟನ್ನರನ್ನು ಕಂಡರು. ಅದೇ ತಿಂಗಳ ಕೊನೆಗೆ, ಪಿಸ್ತೂಲು ಕೊಳ್ಳುವವರ ಪೂರ್ವಾಪರ ವಿಚಾರಿಸಬೇಕೆಂಬ ಬ್ರೇಡಿ ಕಾಯಿದೆಗೆ ಅಧ್ಯಕ್ಷರ ಸಹಿ ಬಿತ್ತು. ಅದಕ್ಕಾಗಿ ಹಲವರು ಹಲವು ವರ್ಷ ದುಡಿದಿದ್ದರು, ಇವರದೂ ಅದರಲ್ಲೊಂದು ದನಿ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮತ್ತೊಂದು ಸಂಗತಿ. ಅವರು ಮಗನ ಹೆಸರಿನಲ್ಲಿ ಒಂದು ನಿಧಿ ಮಾಡಿದರು. ಆ ಹಣದಿಂದ ಅಮೆರಿಕದ ಹೈಸ್ಕೂಲು ಮಕ್ಕಳು ಜಪಾನಿಗೆ ಬಂದು, ಅಲ್ಲಿನ ಮನೆಗಳಲ್ಲಿದ್ದು, ಅಲ್ಲಿನ ಶಾಲೆಗೆ ಹೋಗಿಬಂದರು.

ಇದನ್ನು ಬರೆದದ್ದು ತಂದೆತಾಯಿಗಳನ್ನು ಹೆದರಿಸಲಿಕ್ಕಲ್ಲ. ಹೋಗಿ ಸುಖವಾಗಿ ಹಿಂದಿರುಗಿದವರು ಲಕ್ಷೋಪಲಕ್ಷ. ಮುಂದೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯಸ್ಥೆಯೂ ಯೂರೋಪಿನ ಕೇಂದ್ರ ಬ್ಯಾಂಕಿನ ಅಧ್ಯಕ್ಷೆಯೂ ಆದ ಕ್ರಿಸ್ಟೀನ್ ಲಗಾರ್ಡ್ ಫ್ರಾನ್ಸಿನಿಂದ 1970ರ ದಶಕದಲ್ಲಿ ಇದೇ ಸಂಸ್ಥೆಯ ಮೂಲಕ ಬಂದು ಮೇರಿಲ್ಯಾಂಡಿನ ಶಾಲೆಯೊಂದರಲ್ಲಿ ವರ್ಷ ಕಳೆದವರು. ಆದರೂ ಮಗನನ್ನು ಕಳುಹಿಸುವವರು ಕಣ್ಣು ತೆರೆದೇ ಕಳುಹಿಸಬೇಕು. ಉಣ್ಣೆಯ ಅಂಗಿ, ಉಪ್ಪಿನಕಾಯಿಗಳ ಜೊತೆಗೆ ಆ ದೇಶದ ಬಾಗಿಲುಗಳ ಸ್ವಭಾವವನ್ನೂ ತಿಳಿಸಿ ಕಳುಹಿಸಬೇಕು.

ನಮ್ಮ ಮನೆಗಳಲ್ಲಿ ಏಳುವ ಆಕ್ಷೇಪಣೆ ಸಾಮಾನ್ಯವಾಗಿ ಪಿಸ್ತೂಲಿನದಲ್ಲ, ‘ಒಂದು ವರ್ಷ ದಂಡವಾಗುತ್ತದೆ’ ಎಂಬುದು. ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಆಮೇಲೆ ಪ್ರವೇಶ ಪರೀಕ್ಷೆ, ಈ ಮೆಟ್ಟಿಲುಗಳ ಮೇಲೆ ಎದುರುಮನೆಯ ಹುಡುಗ ಒಂದು ಮೆಟ್ಟಿಲು ಮುಂದೆ ಹೋಗಿಬಿಟ್ಟರೆ! ಅಲ್ಲಿ ಓದಿದ ವರ್ಷ ಇಲ್ಲಿನ ಲೆಕ್ಕಕ್ಕೆ ಬಾರದೆ ಹೋಗಬಹುದು. ಹೊರಡುವ ಮುನ್ನ ಶಾಲೆಯವರನ್ನೂ ಪರೀಕ್ಷಾ ಮಂಡಲಿಯವರನ್ನೂ ಲಿಖಿತವಾಗಿ ಕೇಳಿಕೊಳ್ಳುವುದು ವಿವೇಕ. ವಿದ್ಯಾರ್ಥಿವೇತನ ದೊರೆಯದಿದ್ದರೆ ಖರ್ಚೂ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಸಾಲ ಮಾಡಿ ಕಳುಹಿಸತಕ್ಕ ಸಂಗತಿ ಇದೆಂದು ನಾನು ಹೇಳಲಾರೆ. ಆದರೆ ವಯಸ್ಸಿನ ಲೆಕ್ಕದ ಮಾತು ಬೇರೆ. ತರಗತಿಯಲ್ಲಿ ಹುಡುಗರು ಕೂತಿರುವುದನ್ನು ವರ್ಷಗಟ್ಟಲೆ ನೋಡುತ್ತಿರುವವನಾಗಿ ಹೇಳುತ್ತೇನೆ: ಹದಿನೇಳಕ್ಕೆ ಪದವಿ ತರಗತಿಗೆ ಬಂದವನಿಗೂ ಹದಿನೆಂಟಕ್ಕೆ ಬಂದವನಿಗೂ ಆ ಒಂದು ವರ್ಷದ ಅಂತರ ಎರಡು ತಿಂಗಳ ಮೇಲೆ ನೆನಪಿರುವುದಿಲ್ಲ, ಅವರ ತಂದೆಯರಿಗಲ್ಲದೆ.

ಇನ್ನೊಂದು ನಷ್ಟವನ್ನು ಯಾರೂ ಮುಂದಾಗಿ ಎಣಿಸುವುದಿಲ್ಲ. ಅಲ್ಲಿನ ತರಗತಿಯಲ್ಲಿ ನಮ್ಮ ಹುಡುಗನನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ‘ನಿಮ್ಮಲ್ಲಿ ಜಾತಿ ಎಂದರೇನು?’ ‘ನಿಮ್ಮ ಭಾಷೆಯಲ್ಲಿ ನನ್ನ ಹೆಸರು ಬರೆದು ತೋರಿಸು.’ ಮೊದಲನೆಯದಕ್ಕೆ ಉತ್ತರ ಹೇಳಲು ಅವನು ಮೊಟ್ಟಮೊದಲ ಬಾರಿಗೆ ತನ್ನ ಮನೆಯ ಬಾವಿಯನ್ನೂ ಬಾಗಿಲನ್ನೂ ನೆನೆಯಬೇಕಾಗುತ್ತದೆ, ಅದು ಒಳ್ಳೆಯದೇ. ಎರಡನೆಯದಕ್ಕೆ ಸುಣ್ಣದ ಕಡ್ಡಿ ಹಿಡಿದು ಕಪ್ಪುಹಲಗೆಯ ಮುಂದೆ ನಿಂತಾಗ, ಬೆಂಗಳೂರಿನ ಎಷ್ಟೋ ಮಕ್ಕಳ ಕೈ ಒತ್ತಕ್ಷರಕ್ಕೆ ಬಂದು ತಡೆಯುತ್ತದೆ. ಊರಿನಲ್ಲಿದ್ದಾಗ ಕನ್ನಡದ ಮೇಷ್ಟರು ಕಿವಿ ಹಿಂಡಿದರೂ ಆಗದಿದ್ದ ಕೆಲಸ ಆ ಕ್ಷಣದಲ್ಲಿ ಆಗುತ್ತದೆ. ರಾತ್ರಿ ಅಮ್ಮನಿಗೆ ಫೋನು ಮಾಡಿ, ‘ಅಮ್ಮಾ, ‘ಕ್ಷ’ ಹೇಗೆ ಬರೆಯುವುದು?’ ಎಂದು ಕೇಳುತ್ತಾನೆ. ಅಮ್ಮನಿಗೆ ಗೊತ್ತಿದ್ದರೆ ಸರಿ.

ಕೊನೆಗೆ ಬೇಸಗೆ ಬರುತ್ತದೆ, ಹಿಂದಿರುಗುವ ದಿನ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಒಬ್ಬ ತಾಯಿ ಅಳುತ್ತಾಳೆ. ಇಪ್ಪತ್ತು ಗಂಟೆಗಳ ಮೇಲೆ ಇನ್ನೊಂದು ನಿಲ್ದಾಣದಲ್ಲಿ ಇನ್ನೊಬ್ಬ ತಾಯಿ ಅಳುತ್ತಾಳೆ. ಅಲ್ಲಿಗೆ ಹೊಂದಿಕೊಂಡಷ್ಟೇ ಕಷ್ಟದಿಂದ ಇಲ್ಲಿಗೆ ಮತ್ತೆ ಹೊಂದಿಕೊಳ್ಳಬೇಕೆಂದು ಗುಲ್ಲಾಹಾರ್ನ್ ದಂಪತಿಗಳು 1963ರಲ್ಲೇ ಬರೆದರು. ಮನೆಯವರು ಮಾತ್ರ ಇದಕ್ಕೆ ಸಿದ್ಧರಾಗಿರುವುದಿಲ್ಲ. ಮನೆ ಚಿಕ್ಕದಾಗಿ ಕಾಣುತ್ತದೆ. ಅಜ್ಜಿಯ ಮಾತಿಗೆ ಅವನು ‘ಥ್ಯಾಂಕ್ಸ್’ ಎನ್ನುತ್ತಾನೆ, ಅಜ್ಜಿ ಮುಖ ನೋಡುತ್ತಾರೆ. ‘ಹಸಿವಾಗಿದೆಯೇನೋ?’ ಎಂದು ಕೇಳಿದರೆ ‘ಹೌದು’ ಎಂದು ಮೊದಲನೆಯ ಸಲಕ್ಕೇ ಹೇಳಿಬಿಡುತ್ತಾನೆ. ನೆಂಟರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಊಟವಾದ ಮೇಲೆ ತಟ್ಟೆ ಎತ್ತಿಕೊಂಡು ಬಚ್ಚಲ ಕಡೆ ನಡೆಯುತ್ತಾನೆ. ‘ಅಯ್ಯೋ, ನೀನು ಯಾಕೋ ತೊಳೀತೀಯ, ಇಲ್ಲಿ ಕೊಡು’ ಎಂದು ಅಮ್ಮ ಧಾವಿಸಿ ಬಂದು ಕೈ ಚಾಚುತ್ತಾಳೆ. ಈ ಅಂಕಣವನ್ನು ಓದುವ ತಾಯಂದಿರಲ್ಲಿ ನನ್ನದೊಂದು ಬೇಡಿಕೆ: ದಯಮಾಡಿ ಆ ತಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಳ್ಳಬೇಡಿ.